ಸ್ಪೇನಿನ ಅಳಿಯ

ಶುಕ್ರವಾರ, ಮಧ್ಯಾಹ್ನ

ಮೂಗಿನ ಸಾಹೇಬರಿಗೆ,

ನಿಮ್ಮ ಹೆಂಡತಿಯ ನಮಸ್ಕಾರ. ಆ ವೈನ್ ಕಂಪನಿಯಲ್ಲಿ ನಿಮ್ಮನ್ನು ಏನೆಂದು ಕರೆಯುತ್ತಾರೋ ಗೊತ್ತಿಲ್ಲ. ಎಲ್ಲವನ್ನೂ ಮೂಸಿ ತೀರ್ಪು ಕೊಡುವ ನಿಮಗೆ ಈ ಮನೆಯಲ್ಲಿ ಮೊದಲಿನಿಂದ ಇದೇ ಹೆಸರು, ಬದಲಾಯಿಸುವ ಉದ್ದೇಶ ನನಗಿಲ್ಲ. ನಾವಿಬ್ಬರೂ ಕ್ಷೇಮ. ಅತ್ತೆಯ ಮಂಡಿನೋವು ಇದ್ದ ಹಾಗೇ ಇದೆ, ಬಾಯಿಯೂ ಇದ್ದ ಹಾಗೇ ಇದೆ.

ನೇರವಾಗಿ ವಿಷಯಕ್ಕೆ ಬರುತ್ತೇನೆ. ನಿನ್ನೆ ನಿಮ್ಮ ಟ್ಯಾಂಕರ್ ಖಾಲಿ ವಾಪಸು ಬಂತಲ್ಲ, ಅದಕ್ಕೆ ಡ್ರೈವರನ ಮೇಲೆ ರೇಗಬೇಡಿ. ಪೈಪು ಇಳಿಸಲು ಬಿಡದೆ ಕಳಿಸಿದ್ದು ನಾನು. ಪಾಪ, ಅವನು ಗೇಟಿನ ಹತ್ತಿರ ನಿಂತು, ಅಮ್ಮಾ ನಂಗೇನು ಗೊತ್ತು, ವೈನ್ ತುಂಬಿಸ್ಕೊಂಡು ಬಾ ಅಂದ್ರು, ಬಂದೆ ಅಂದ. ನಿಂದೇನೂ ತಪ್ಪಿಲ್ಲಪ್ಪ, ಬಾ, ಒಂದು ಲೋಟ ಕಾಫಿ ಬೇಕಾದ್ರೆ ತುಂಬಿಸ್ತೀನಿ ಅಂದೆ. ಕುಡಿದು, ಚೆನ್ನಾಗಿದೆ ಎಂದು ಹೇಳಿ ಹೋದ. ನಿಮ್ಮ ಕಂಪನಿಯಿಂದ ಬಂದವರಲ್ಲಿ ರುಚಿ ನೋಡಿ ಒಳ್ಳೆಯ ಮಾತಾಡಿದವನು ಅವನೊಬ್ಬನೇ.

ಒಂದೇ ಊರಿನಲ್ಲಿದ್ದು, ಒಂದು ಬಸ್ಸು ಹತ್ತಿದರೆ ಮುಗಿಯುವ ದಾರಿಗೆ ಪತ್ರವೇಕೆ ಎಂದು ನೀವು ಹುಬ್ಬು ಗಂಟಿಕ್ಕಿರುತ್ತೀರಿ. ಫೋನಿನಲ್ಲಿ ನನ್ನ ಒಂದು ಮಾತು ಮುಗಿಯುವ ಮೊದಲೇ ನಿಮ್ಮ ಎರಡು ಮಾತು ಬಂದು ಕೂರುತ್ತವೆ. ನಿನ್ನೆ ರಾತ್ರಿಯೂ ಅದೇ ಆಯಿತು. ನೀವು ಹೇಳಿದಿರಿ: ಸೋಮವಾರ ನಾನೇ ಟ್ಯಾಂಕರ್ ತಗೊಂಡು ಬರ್ತೀನಿ, ನಿನ್ನ ಸೊನ್ನೆ ಬೇಕಾಗಿಲ್ಲ, ಅದನ್ನೂ ನಾನೇ ಹಾಕ್ಕೋತೀನಿ ಅಂತ. ಹೇಳಿ ಫೋನ್ ಇಟ್ಟಿರಿ. ಪತ್ರಕ್ಕೆ ಹಾಗೆ ಅಡ್ಡಬಾಯಿ ಹಾಕಲು ನಿಮ್ಮಿಂದಲೂ ಆಗುವುದಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ.

ಆ ಸೊನ್ನೆ ಎಲ್ಲಿಂದ ಬಂತು ಎಂಬುದು ನಿಮಗೆ ಮರೆತಿರುವ ಹಾಗಿದೆ. ಮಾವ ಈ ನೆಲಮಾಳಿಗೆ ಕಟ್ಟಿಸಿದಾಗ ಮಾಡಿದ ಕಟ್ಟಳೆ ಅದು. ದ್ರಾಕ್ಷಿಗಳ ಪಾಲು ಲೆಕ್ಕ ಹಾಕಿ ಬೆರೆಸುವವರು ಒಪ್ಪಿದರೆ ಪೀಪಾಯಿಯ ಮುಖದ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೀಟು. ರುಚಿ ನೋಡುವವರು ಒಪ್ಪಿದರೆ ಪಕ್ಕದಲ್ಲಿ ಒಂದು ಸೊನ್ನೆ. ಎರಡೂ ಇಲ್ಲದೆ ಪೀಪಾಯಿ ಮೆಟ್ಟಿಲು ಹತ್ತಕೂಡದು, ಬಾಟಲಿಗಾಗಲಿ ಬೇರೆ ಎಲ್ಲಿಗೇ ಆಗಲಿ. ಮಾವನ ಗೀಟು, ಅತ್ತೆಯ ಸೊನ್ನೆ. ಅವರಿಬ್ಬರೂ ವಾರಗಟ್ಟಲೆ ಮಾತು ಬಿಟ್ಟಿದ್ದಾಗಲೂ ನೆಲಮಾಳಿಗೆಗೆ ಹೋಗಿ ಗುರುತು ಮಾತ್ರ ಹಾಕಿ ಬರುತ್ತಿದ್ದರಂತೆ. ಮಾವ ತೀರಿಹೋದ ಮೇಲೆ ಗೀಟು ನಿಮಗೆ ಬಂತು. ಸೊನ್ನೆಯನ್ನು ಅತ್ತೆ ನನಗೆ ಕೊಟ್ಟರು. ನೀವು ಕಂಪನಿಯ ಕೆಲಸಕ್ಕೆ ಸೇರಿದಿರಿ, ಆದರೆ ಹೊರಡುವ ಮೊದಲು ಎಲ್ಲ ಪೀಪಾಯಿಗಳ ಮೇಲೂ ಸರಸರನೆ ಗೀಟೆಳೆದು ಹೋದಿರಿ, ಬಸ್ಸಿಗೆ ಹೊತ್ತಾದವರ ಹಾಗೆ. ಆ ಗೀಟುಗಳನ್ನು ನಾನು ಮುಟ್ಟಿಲ್ಲ. ಕಟ್ಟಳೆ ಎಂದರೆ ನನಗೂ ಕಟ್ಟಳೆಯೇ. ಸೊನ್ನೆ ಮಾತ್ರ ಹಾಕಿಲ್ಲ. ಹಾಕುವುದೂ ಇಲ್ಲ.

ಒಳಗೆ ಇರುವುದು ಏನೆಂದು ಬೇರೆ ನೆನಪಿಸಬೇಕೇ? ಮಾವ ಸ್ಪೇನಿನಿಂದ ಕಡ್ಡಿ ತರಿಸಿ ನೆಟ್ಟ ಮೂರು ಜಾತಿಯ ದ್ರಾಕ್ಷಿ. ಟೆಂಪ್ರಾನಿಯೊ ಬೆನ್ನೆಲುಬಿಗೆ, ಗಾರ್ನಾಚಾ ಹಣ್ಣಿನ ಸಿಹಿಗೆ, ಮೊನಾಸ್ಟ್ರೆಲ್ ಕಪ್ಪು ಬಣ್ಣಕ್ಕೆ ಮತ್ತು ಜಗಳಕ್ಕೆ. ಮೊನಾಸ್ಟ್ರೆಲ್ ಪಾಲು ಹೆಚ್ಚಿಸೋಣ ಎಂದವಳು ನಾನು. ಹೆಚ್ಚಿಸು, ಹಲ್ಲು ಕಪ್ಪಾಗ್ಲಿ ನೋಡೋಣ ಎಂದು ನಕ್ಕವರು ನೀವು. ಅಡುಗೆಮನೆಯ ಮೇಜಿನ ಮೇಲೆ ಅಳತೆಯ ಗಾಜುಗಳನ್ನು ಹರವಿಕೊಂಡು ಬೆರೆಸಿ, ಉಗುಳಿ, ಮತ್ತೆ ಬೆರೆಸಿ, ಕೊನೆಗೆ ಇಬ್ಬರೂ ಒಂದು ಗ್ಲಾಸಿಗೆ ಬಂದು ನಿಂತೆವು. ಆ ದಿನ ನೀವು ಉಗುಳಲಿಲ್ಲ, ನುಂಗಿದಿರಿ. ಅದನ್ನು ನಾನು ನೋಡಿದ್ದೇನೆ.

ಅತ್ತೆ ಅದಕ್ಕೆ ಸ್ಪೇನಿನ ಅಳಿಯ ಎಂದು ಹೆಸರಿಟ್ಟರು. ಬಂದಾಗಿನಿಂದ ಮುಖ ಊದಿಸ್ಕೊಂಡೇ ಕೂತಿದಾನೆ, ಏನು ಮಾಡಿದ್ರೂ ಸಮಾಧಾನ ಇಲ್ಲ, ಹಾಗಂತ ಹೊರಗೆ ಕಳಿಸೋಕೂ ಆಗಲ್ಲ ಎಂದು. ಹೆಣ್ಣುಮಕ್ಕಳಿಲ್ಲದ ಮನೆಗೆ ಅಳಿಯ ಬಂದದ್ದು ಹೀಗೆ.

ಆ ಅಳಿಯನನ್ನು ನೀವು ಈಗ ಟ್ಯಾಂಕರಿಗೆ ಸುರಿದು, ಕಂಪನಿಯ ಆ ಸಿಹಿ ಕೆಂಪು ನೀರಿಗೆ ಬಣ್ಣ ಬರಲಿ ಎಂದು ಬೆರೆಸಬೇಕು ಅನ್ನುತ್ತೀರಿ. ಅದು ಹೋದರೆ ಈ ನೆಲಮಾಳಿಗೆಯಲ್ಲಿ ಉಳಿಯುವುದು ಖಾಲಿ ಮರ. ಖಾಲಿ ಪೀಪಾಯಿಗಳಿಗೆ ಕಾವಲು ಕೂರಲು ನನಗೆ ಬೇರೆ ಕೆಲಸವಿಲ್ಲವೆಂದುಕೊಂಡಿರಾ? ಓಹೋ, ಹೌದಲ್ಲ, ಕೆಲಸ ಇರುವುದಿಲ್ಲ, ಅದೇ ನಿಮಗೆ ಬೇಕಾಗಿರುವುದು. ಆಗ ಕಂಪನಿಯ ಕ್ವಾರ್ಟರ್ಸಿಗೆ ಬಂದು, ಪ್ರಯೋಗಾಲಯದಲ್ಲಿ ಬಿಳಿ ಕೋಟು ಹಾಕಿಕೊಂಡು ಬಾಟಲಿಗಳಿಗೆ ನಂಬರು ಬರೆಯಬಹುದು. ಮನೆಗೆ ಎರಡು ಬಚ್ಚಲಿದೆ ಎಂದು ಮೂರು ಸಲ ಹೇಳಿದಿರಿ. ನಾನು ಒಬ್ಬಳೇ ಇದ್ದೇನೆ, ಎರಡು ಬಚ್ಚಲು ಇಟ್ಟುಕೊಂಡು ಏನು ಮಾಡಲಿ?

ಈಗ ಆ ಚಳಿಯ ದಿನದ ಮಾತಿಗೆ ಬರುತ್ತೇನೆ. ಕಂಪನಿಯ ಮ್ಯಾನೇಜರ್ ಮತ್ತು ಅವರ ಜೊತೆಯವರು ನೆಲಮಾಳಿಗೆಯಲ್ಲಿ ಕೋಟಿನ ಕಾಲರ್ ಏರಿಸಿಕೊಂಡು ನಿಂತಿದ್ದರು. ಉಸಿರು ಹೊಗೆಯಾಗಿ ಬರುತ್ತಿತ್ತು. ನೀವು ಗಾಜಿನ ಕೊಳವೆ ಇಳಿಸಿ ಪೀಪಾಯಿಯಿಂದ ನೇರ ತೆಗೆದು ಗ್ಲಾಸಿಗೆ ಬಿಟ್ಟಿರಿ. ಐಸಿನ ಹಾಗೆ ಕೊರೆಯುತ್ತಿದ್ದ ವೈನ್. ಹೊಸ ವೈನಿನ ಒಗರು ಚಳಿಯಲ್ಲಿ ಮುಳ್ಳಾಗಿ ಚುಚ್ಚುತ್ತದೆ, ತಣ್ಣಗಿದ್ದಾಗ ತೀರ್ಪು ಕೊಡಬಾರದು ಎಂದು ನನಗೆ ಕಲಿಸಿದವರು ಯಾರು? ಗ್ಲಾಸನ್ನು ಅಂಗೈಯಲ್ಲಿ ಹಿಡಿದು ಬಿಸಿಮಾಡುವುದನ್ನು ತೋರಿಸಿಕೊಟ್ಟವರು ಯಾರು? ಆ ದಿನ ಅಂಗೈ ಎಲ್ಲಿಟ್ಟಿದ್ದಿರಿ? ಜೇಬಿನಲ್ಲಿ. ಮ್ಯಾನೇಜರ್ ಗಡಿಯಾರ ನೋಡುತ್ತಿದ್ದರು, ನಿಮಗೆ ಅವಸರ. ಬಾಯಿಗೆ ಹಾಕಿ, ಉಗುಳಿ, ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದಿರಿ: ಇದು ನನ್ನ ಹೆಂಡ್ತಿ ಥರ ಸಾರ್, ಎಷ್ಟು ವರ್ಷ ಇಟ್ರೂ ಮೆತ್ತಗಾಗಲ್ಲ.

ಎಲ್ಲರೂ ನಕ್ಕರು. ನಾನು ಪೀಪಾಯಿಗಳ ಎರಡನೇ ಸಾಲಿನ ಹಿಂದೆ ಬಿರಡೆ ಒರೆಸುತ್ತ ನಿಂತಿದ್ದೆ. ನಾನು ಅಲ್ಲಿರುವುದು ನಿಮಗೆ ಗೊತ್ತಿತ್ತು. ನನಗೆ ಬಹಳ ನೋವಾಯಿತು, ಇದನ್ನು ಸುತ್ತಿ ಬಳಸಿ ಹೇಳಲಾರೆ. ಅದರ ಮರುವಾರವೇ ನೀವು ಪೆಟ್ಟಿಗೆ ಕಟ್ಟಿದಿರಿ, ನಾನು ಬಟ್ಟೆ ಮಡಚಿಕೊಡಲಿಲ್ಲ.

ಅವರೆಲ್ಲ ಕಾರು ಹತ್ತಿ ಹೋದ ಮೇಲೆ ಏನಾಯಿತು ಎಂದು ನಿಮಗೆ ಗೊತ್ತಿಲ್ಲ, ಹೇಳುತ್ತೇನೆ. ಅದೇ ಪೀಪಾಯಿಯಿಂದ ಒಂದು ಜಗ್ಗು ತುಂಬಿಸಿ ಮೇಲೆ ತಂದೆ. ಅಡುಗೆಮನೆಯ ಕಿಟಕಿಯ ಪಕ್ಕ ಇಟ್ಟು ಸಾರಿಗೆ ಒಗ್ಗರಣೆ ಹಾಕುವುದನ್ನೂ ಮುಂದೂಡಿದೆ, ವಾಸನೆ ಬೆರೆಯಬಾರದೆಂದು. ಅತ್ತೆ ಬೈದರು. ಸ್ವಲ್ಪ ಹೊತ್ತಿಗೆ ರುಚಿ ನೋಡಿದರೆ ಬಾಳೆಕಾಯಿ ಸಿಪ್ಪೆ ಕಚ್ಚಿದ ಹಾಗಿತ್ತು, ನಾಲಿಗೆ ಅಂಟಿಕೊಂಡಿತು. ನಿಮ್ಮ ಮಾತೇ ನಿಜವಾಯಿತಲ್ಲ ಎಂದು ಹೊಟ್ಟೆ ಉರಿಯಿತು. ಸಂಜೆ ಮತ್ತೆ ನೋಡಿದೆ. ಒಣ ಅಂಜೂರ ಇತ್ತು, ಕರಿಮೆಣಸು ಇತ್ತು, ಹೊಸ ಚಪ್ಪಲಿಯ ಡಬ್ಬಿ ತೆಗೆದಾಗ ಬರುತ್ತದಲ್ಲ, ಆ ತೊಗಲಿನ ವಾಸನೆ ಇತ್ತು. ಒಗರು ಹೋಗಿರಲಿಲ್ಲ, ಆದರೆ ಹಿಂದಕ್ಕೆ ಸರಿದು ಹಣ್ಣಿಗೆ ಜಾಗ ಬಿಟ್ಟಿತ್ತು. ಅತ್ತೆಗೆ ಕೊಟ್ಟೆ. ಅವರು ಕಣ್ಣು ಮುಚ್ಚಿ ಬಾಯಿತುಂಬ ಓಡಾಡಿಸಿ, ಉಗುಳುವ ಬಕೆಟ್ಟನ್ನು ಪಕ್ಕಕ್ಕೆ ತಳ್ಳಿ ನುಂಗಿಯೇಬಿಟ್ಟರು. ಇವತ್ತು ಬಾಯಿ ಬಿಟ್ಟ ಕಣೇ ಅಳಿಯ ಅಂದರು. ಜಗ್ಗಿನಲ್ಲಿ ಉಳಿದದ್ದು ಮರುದಿನ ಇನ್ನೂ ಚೆನ್ನಾಗಿತ್ತು. ಗಾಳಿಗೆ ಕೂತು ಮರುದಿನಕ್ಕೆ ಸೋಲದ ವೈನ್ ಬಹುಕಾಲ ಮಾಗಬಲ್ಲದು. ಇದೂ ನೀವು ಹೇಳಿಕೊಟ್ಟದ್ದೇ. ನಿಮ್ಮ ಪಾಠವನ್ನು ನಿಮಗೇ ಒಪ್ಪಿಸುವ ಗತಿ ನನಗೆ ಬಂತು.

ಹಾಗೆಂದು ಎಲ್ಲ ಸರಿಯಿದೆ ಎಂದು ಬಣ್ಣ ಕಟ್ಟುವುದಿಲ್ಲ. ಮೂಲೆಯ ಪೀಪಾಯಿ, ಗೋಡೆಯ ತೇವಕ್ಕೆ ತಾಗಿಕೊಂಡಿತ್ತಲ್ಲ, ಅದು ಹುಳಿಯಾಯಿತು. ಮರ ಕುಡಿದಷ್ಟನ್ನು ನಾನು ತುಂಬಿಸುತ್ತಲೇ ಇದ್ದೆ, ಆದರೂ ಎಲ್ಲಿಂದಲೋ ಗಾಳಿ ಹೊಕ್ಕಿತು. ನಾನೇ ಚರಂಡಿಗೆ ಬಿಟ್ಟೆ. ಕೆಂಪಗೆ ಹರಿದು ಹೋಗುವುದನ್ನು ನೋಡುತ್ತ ನಿಂತು ಕಣ್ಣೀರು ಹಾಕಿದೆ, ನಂತರ ಪೀಪಾಯಿ ತೊಳೆದೆ. ಉಳಿದವು ಇನ್ನು ಕೆಲವು ವರ್ಷಕ್ಕೆ ಏನಾಗುತ್ತವೆ ಎಂದರೆ ನನಗೆ ಗೊತ್ತಿಲ್ಲ. ನಿಮಗೂ ಗೊತ್ತಿಲ್ಲ. ಗೊತ್ತಿಲ್ಲ ಎಂದು ನಾನು ಒಪ್ಪಿಕೊಂಡು ಕಾಯುತ್ತಿದ್ದೇನೆ, ನೀವು ಗೊತ್ತಿದೆ ಎಂದು ಹೇಳಿ ಸುರಿಯಲು ಹೊರಟಿದ್ದೀರಿ.

ಇನ್ನು ಆ ಮೆತ್ತಗಾಗದ ಹೆಂಡತಿಯ ವಿಚಾರ. ಮೆತ್ತಗೆ ಮಾಡಿದ ನಿಮ್ಮ ಕಂಪನಿಯ ವೈನ್ ಒಂದು ಬಾಟಲಿ ಕಳಿಸಿದ್ದಿರಲ್ಲ, ಕುಡಿದು ನೋಡಿದೆವು. ನಾಲಿಗೆಗೆ ಒಂದಿಷ್ಟೂ ತೊಂದರೆ ಕೊಡದೆ ಇಳಿದು ಹೋಯಿತು, ಇಳಿದದ್ದೇ ಗೊತ್ತಾಗಲಿಲ್ಲ. ಮುಂದಿನ ವರ್ಷಕ್ಕೆ ಅದು ಬರೀ ಬಣ್ಣದ ನೀರು. ನಮ್ಮ ಅಳಿಯ ಬಾಳುವುದು ಆ ಒಗರಿನ ದೆಸೆಯಿಂದಲೇ ಎನ್ನುವುದು ಊರಿಗೆಲ್ಲ ಪಾಠ ಹೇಳುವ ನಿಮಗೆ ಗೊತ್ತಿಲ್ಲವೇ? ಅದನ್ನು ತೆಗೆದು ಕೊಡಿ ಎಂದು ಯಾರಾದರೂ ಕೇಳಿದರೆ ನಾನು ಕೊಡುವುದಿಲ್ಲ. ವೈನಿನದೂ ಕೊಡುವುದಿಲ್ಲ, ನನ್ನದೂ ಕೊಡುವುದಿಲ್ಲ. ಅಂದು ಸಾಲಿನ ಹಿಂದೆ ನಿಂತು ಸುಮ್ಮನಿದ್ದೆ. ಆಡಬೇಕಾಗಿದ್ದ ಮಾತನ್ನು ಇಂದು ಆಡಿದ್ದೇನೆ, ಹೊಟ್ಟೆ ತಣ್ಣಗಾಯಿತು.

ನಾನು ಚೆನ್ನಾಗಿದ್ದೇನೆ. ಊಟ ಸೇರುತ್ತದೆ, ನಿದ್ದೆ ಬರುತ್ತದೆ. ಬೆಳಗ್ಗೆ ಕೆಳಗೆ ಹೋಗುವಾಗ ಈಗಲೂ ಎರಡು ಗ್ಲಾಸು ತೊಳೆದು ಒಯ್ಯುತ್ತೇನೆ. ಅದು ಕೈಗೆ ಬಂದ ಅಭ್ಯಾಸ, ಬೇರೆ ಅರ್ಥ ಹುಡುಕಲು ಹೋಗಬೇಡಿ.

ಸೋಮವಾರ ಬನ್ನಿ. ಗೇಟಿಗೆ ಬೀಗ ಹಾಕಿರುವುದಿಲ್ಲ, ನೆಲಮಾಳಿಗೆಯ ಬಾಗಿಲಿಗೂ ಹಾಕಿರುವುದಿಲ್ಲ. ಬೀಗ ಹಾಕಿ ಹೆದರಿದವಳು ಅನ್ನಿಸಿಕೊಳ್ಳಲು ನನಗೆ ಇಷ್ಟವಿಲ್ಲ. ನನ್ನ ಸೊನ್ನೆಯನ್ನು ನೀವೇ ಹಾಕುವುದಾದರೆ ಹಾಕಿ. ಆದರೆ ನನ್ನೆದುರು ಹಾಕಬೇಕು, ಅತ್ತೆಯ ಎದುರು ಹಾಕಬೇಕು, ಹಾಕುವ ಮುಂಚೆ ಒಂದು ಗ್ಲಾಸನ್ನು ಅಂಗೈಯಲ್ಲಿ ಹಿಡಿದು ಬಿಸಿಮಾಡಿ ಕುಡಿಯಬೇಕು. ಆಮೇಲೂ ನಿಮ್ಮ ಕೈ ಏಳುತ್ತದೆಯೋ ನೋಡುತ್ತೇನೆ.

ಇಂತಿ,
ಒಗರು ಇಳಿಯದ
ನಿಮ್ಮ ಹೆಂಡತಿ

ತಾ.ಕ.: ಈ ಪತ್ರವನ್ನು ಅತ್ತೆಗೆ ಓದಿ ಹೇಳಿ, ಲಕೋಟೆ ಹುಡುಕಲು ಒಳಗೆ ಹೋದೆ. ಬಂದು ನೋಡಿದರೆ ಕುರ್ಚಿ ಖಾಲಿ. ಮಾವ ಹೋದ ಮೇಲೆ ಒಮ್ಮೆಯೂ ನೆಲಮಾಳಿಗೆಗೆ ಇಳಿಯದವರು, ಒಂದು ಕೈಯಲ್ಲಿ ಗೋಡೆ, ಇನ್ನೊಂದರಲ್ಲಿ ಒದ್ದೆ ಬಟ್ಟೆ ಹಿಡಿದು ಅಷ್ಟೂ ಮೆಟ್ಟಿಲು ಇಳಿದಿದ್ದಾರೆ. ನಾನು ಓಡಿ ಹೋಗುವಷ್ಟರಲ್ಲಿ ನಿಮ್ಮ ಗೀಟುಗಳನ್ನೆಲ್ಲ ಒರೆಸಿ ಮುಗಿದಿತ್ತು. ಅತ್ತೆ, ಇದು ಕಟ್ಟಳೆ ಅಲ್ವಾ ಅಂದೆ. ಕುಡಿದು ನೋಡದೆ ಗೀಟು ಎಳೆಯೋದು ಯಾವ ಕಟ್ಟಳೆ, ಅವನ ಅಪ್ಪ ಹೀಗೆ ಮಾಡಿದ್ದಿದ್ರೆ ಅವರ ಗೀಟೂ ಒರೆಸ್ತಿದ್ದೆ ಅಂದರು. ಆಮೇಲೆ ಮಧ್ಯದ ಪೀಪಾಯಿಯಿಂದ ಒಂದು ಗ್ಲಾಸು ತೆಗೆಸಿ, ಅಂಗೈಯಲ್ಲಿ ಬಹಳ ಹೊತ್ತು ಹಿಡಿದುಕೊಂಡು ಕುಡಿದು, ಅದರ ಮುಖದ ಮೇಲೆ ತಾವೇ ಒಂದು ಗೀಟು ಎಳೆದರು. ಸ್ವಲ್ಪ ಸೊಟ್ಟಗೆ ಬಂದಿದೆ. ಹ್ಞೂಂ, ನಿಂದು ಹಾಕು ಎಂದು ಸೀಮೆಸುಣ್ಣ ನನಗೆ ಕೊಟ್ಟರು. ಗ್ಲಾಸಿನಲ್ಲಿ ಉಳಿದ ಗುಟುಕು ಕುಡಿದು ನೋಡಿ ಸೊನ್ನೆ ಹಾಕಿದೆ. ಸೋಮವಾರ ಆ ಪೀಪಾಯಿ ಬಾಟಲಿಗೆ ಇಳಿಯುತ್ತದೆ, ಉಳಿದವು ಇದ್ದಲ್ಲಿಯೇ ಮಾಗುತ್ತವೆ. ಬಿರಡೆ ಒತ್ತುವ ಯಂತ್ರದ ಹಿಡಿ ಈಗಲೂ ಗಟ್ಟಿ, ಒಂದು ಕೈ ಜಾಸ್ತಿ ಇದ್ದರೆ ಬೇಡ ಅನ್ನುವುದಿಲ್ಲ. ಗೀಟು ಎಳೆಯುವ ಸೀಮೆಸುಣ್ಣ ಮಾತ್ರ ಈಗ ನಿಮ್ಮ ಅಮ್ಮನ ಸೆರಗಿನ ಗಂಟಿನಲ್ಲಿದೆ. ಬೇಕಿದ್ದರೆ ಅವರನ್ನೇ ಕೇಳಿ.