ನನ್ನನ್ನು ಶಾಂಘೈ ಮಾಡಿದವರಿಗೆ

ಹೊಸನಗರ
೨೭-೯-೧೯೬೪

ತೀರ್ಥಹಳ್ಳಿಯ ಹೊಸ ಕಾಲೊನಿಯಲ್ಲಿ ಒಬ್ಬರೇ ಗಂಜಿ ಬೇಯಿಸಿಕೊಳ್ಳುತ್ತಿರುವ ನಮ್ಮ ಮನೆಯವರಿಗೆ ದುಗ್ಗಮ್ಮನ ನಮಸ್ಕಾರಗಳು.

ಅಣ್ಣನ ಮನೆಯಲ್ಲಿ ನಾನು ಕ್ಷೇಮ. ನಿಮ್ಮ ಕಾರ್ಡು ಬಂತು. ಭೂಮಿ ಹುಣ್ಣಿಮೆಗೆ ಬರುತ್ತೀಯೋ ಇಲ್ಲವೋ, ಬಾರದಿದ್ದರೆ ಇನ್ನು ಕರೆಯುವುದಿಲ್ಲ ಎಂದು ಬರೆದಿದ್ದೀರಿ. ಇಷ್ಟು ದಿನ ಸುಮ್ಮನಿದ್ದು ಈಗ ಒಂದೇ ಸಾಲಿನಲ್ಲಿ ಗದರಿಸಿದರೆ ಹೆದರುವವಳು ನಾನಲ್ಲ. ಆದರೂ ಉತ್ತರ ಬರೆಯಲು ಕೂತದ್ದು ಒಂದು ಇಂಗ್ಲಿಷ್ ಮಾತಿನ ದೆಸೆಯಿಂದ.

ನಗಬೇಡಿ. ಅಣ್ಣನ ಮಗಳು ವರದಾ ಹೈಸ್ಕೂಲಿಗೆ ಹೋಗುತ್ತಾಳಲ್ಲ, ಮೊನ್ನೆ ಜಗಲಿಯಲ್ಲಿ ಕೂತು ದಪ್ಪನೆಯ ಡಿಕ್ಷನರಿ ಓದುತ್ತಿದ್ದಳು. ಶಾಂಘೈ ಎಂದು ಚೀನಾ ದೇಶದಲ್ಲಿ ಒಂದು ಬಂದರು ಇದೆಯಂತೆ. ಅವರ ಭಾಷೆಯಲ್ಲಿ ಅದಕ್ಕೆ ಕಡಲ ಮೇಲೆ ಎಂದು ಅರ್ಥವಂತೆ. ಅವರ ಊರು ಕಡಲ ಮೇಲೆ, ನಮ್ಮ ಊರು ನೀರ ಕೆಳಗೆ ಅಂದುಕೊಂಡೆ. ಆದರೆ ಇಂಗ್ಲಿಷಿನವರು ಆ ಹೆಸರನ್ನು ಒಂದು ಕೆಲಸಕ್ಕೆ ಇಟ್ಟುಬಿಟ್ಟಿದ್ದಾರೆ. ಹಿಂದೆ ಹಡಗಿಗೆ ಆಳು ಸಿಗದಿದ್ದರೆ ದಲ್ಲಾಳಿಗಳು ಯಾರಿಗಾದರೂ ಚೆನ್ನಾಗಿ ಕುಡಿಸಿ, ಮೈಮೇಲೆ ಎಚ್ಚರ ಇಲ್ಲದಾಗ ಹೊತ್ತು ಹಡಗಿಗೆ ಹಾಕುತ್ತಿದ್ದರಂತೆ. ಕಣ್ಣು ಬಿಟ್ಟಾಗ ದಡವೇ ಕಾಣುತ್ತಿರಲಿಲ್ಲವಂತೆ. ಆ ಹಡಗುಗಳು ಹೋಗುತ್ತಿದ್ದುದು ಆ ಊರಿನ ಕಡೆಗೆ. ಈಗ ಯಾರನ್ನು ಮೋಸದಿಂದ ಎಲ್ಲಿಗೆ ಸಾಗಿಸಿದರೂ ಶಾಂಘೈ ಮಾಡಿದರು ಎನ್ನುತ್ತಾರಂತೆ.

ನಾನು ಮೊರ ಕೆಳಗಿಟ್ಟೆ. ನನಗೂ ಆಗಿದ್ದು ಅದೇ ಅಂದೆ. ಆ ಹುಡುಗಿ ಕೇಳಿಯೇಬಿಟ್ಟಳು, "ನಿಂಗೆ ಮಾವ ಹೆಂಡ ಕುಡ್ಸಿದ್ರಾ ಅತ್ತೆ?" ಅಂತ. ಒಳಗಿಂದ ಅತ್ತಿಗೆಯೂ ನಕ್ಕರು. ನಾನೂ ನಕ್ಕೆ. ಆಮೇಲೆ ಹಿತ್ತಿಲಿಗೆ ಹೋಗಿ ಕಣ್ಣೊರೆಸಿಕೊಂಡೆ.

ನಿಮಗೆ ಹೆಂಡ ಬೇಕಾಗಲಿಲ್ಲ, ದೇವರ ಹೆಸರು ಸಾಕಾಯಿತು. ಅಣೆಕಟ್ಟಿನ ನೀರು ಬಂದರೆ ಬರಲಿ, ಈ ವರ್ಷದ ಹುಣ್ಣಿಮೆಯ ಎಡೆಯನ್ನು ನಮ್ಮ ಗದ್ದೆಗೆ ಇಡದೆ ಏಳುವುದಿಲ್ಲ ಎಂದು ನಾನು ಹಟ ಹಿಡಿದಿದ್ದೆ. ಒಂದು ಬೆಳಿಗ್ಗೆ ನೀವು ಹರಕೆ ಇದೆ, ವರದಹಳ್ಳಿಗೆ ಹೋಗಿ ಬರೋಣ ಅಂದಿರಿ. ಹೋದೆವು, ಕೈ ಮುಗಿದೆವು. ಸಾಗರಕ್ಕೆ ಬಂದ ಮೇಲೆ ನಮ್ಮೂರ ಬಸ್ಸು ಬಿಟ್ಟು ತೀರ್ಥಹಳ್ಳಿಯ ಬಸ್ಸು ಹತ್ತಿಸಿದಿರಿ. ಇಳಿದು ನೋಡಿದರೆ ತಗಡಿನ ಮನೆ, ಅಂಗಳದಲ್ಲಿ ನನ್ನ ಒರಳುಕಲ್ಲು ನನಗಿಂತ ಮೊದಲೇ ಬಂದು ಕೂತಿದೆ! ನಿಮ್ಮ ತಮ್ಮ ಅಷ್ಟರಲ್ಲಿ ಲಾರಿಯಲ್ಲಿ ಎಲ್ಲ ಸಾಗಿಸಿದ್ದ. ನೀವು ಅಂದದ್ದು ಇನ್ನೂ ಕಿವಿಯಲ್ಲಿದೆ: "ಇನ್ಮೇಲೆ ಇದೇ ಮನೆ ಕಣೇ. ಬೈಯೋದಾದ್ರೆ ಒಳಗ್ ಬಂದು ಬೈಯಿ."

ನಾನು ಬೈಯಲಿಲ್ಲ. ವಾರದೊಳಗೆ ಅಣ್ಣನ ಮನೆಗೆ ಬಂದೆ.

ಮನೆ ಹೋಯಿತು ಅಂತ ಸಿಟ್ಟಲ್ಲ. ಗದ್ದೆಯೂ ಗೇಣಿಯದು, ಒಡೆಯರದು. ಆದರೆ ಅದರ ಬದುವಿನಲ್ಲಿ ನಮ್ಮ ಕೂಸು ಮಲಗಿತ್ತು. ಹುಣ್ಣಿಮೆಯ ದಿನ ಭೂಮಿ ಬಸುರಿ ಅಂತ ಬುಟ್ಟಿಗೆ ಚಿತ್ತಾರ ಬರೆದು, ಅವಳ ಬಯಕೆಗೆ ಅನ್ನ ಹೊತ್ತೊಯ್ದು ಬಡಿಸುವಾಗ, ಪ್ರತಿ ವರ್ಷ ಒಂದು ತುತ್ತು ಆ ಬದುವಿಗೆ ಇಡುತ್ತಿದ್ದೆ. ನಿಮಗೆ ಗೊತ್ತಿತ್ತು, ನೋಡದವರಂತೆ ಇರುತ್ತಿದ್ದಿರಿ. ಇನ್ನು ಬರುವುದಿಲ್ಲ ಮಗಾ ಎಂದು ಒಂದು ಮಾತು ಹೇಳಿ ಬರಲು ನೀವು ಬಿಡಲಿಲ್ಲ. ಹೊಟ್ಟೆ ಉರಿಯುವುದು ಅದಕ್ಕೆ.

ಹೋದ ವಾರ ನಮ್ಮೂರಿನ ಹಳೆಯ ನೆರೆಮನೆಯ ಹೂವಯ್ಯನವರು ಇಲ್ಲಿಗೆ ಬಂದಿದ್ದರು. ನೀರು ಏರುವಾಗ ನೀವು ಒಬ್ಬರೇ ನಮ್ಮ ಹಳೆಯ ಗದ್ದೆಗೆ ಹೋಗಿದ್ದಿರಂತೆ. ಬದುವಿನ ಹತ್ತಿರ ಮೊಣಕಾಲು ನೀರಿನಲ್ಲಿ ನಿಂತವರನ್ನು ಅವರೇ ಕೈ ಹಿಡಿದು ಎಳೆದು ತಂದರಂತೆ. ಅದನ್ನು ನನಗೇಕೆ ಬರೆಯಲಿಲ್ಲ? ಕಾರ್ಡಿನಲ್ಲಿ ಜಾಗ ಇತ್ತಲ್ಲ.

ಅಲ್ಲಿ ನಿಮಗೆ ಸಿಕ್ಕ ಹೊಸ ಗದ್ದೆಗೂ ಬಯಕೆ ಇರುತ್ತದೆ, ಬುಟ್ಟಿಗೆ ಚಿತ್ತಾರ ಬರೆಯಲು ನಿಮ್ಮಿಂದಾಗದು. ಆದರೆ ಕಾರ್ಡಿಗೆ ನಾನು ಬರುವುದಿಲ್ಲ. ನೀವೇ ಬನ್ನಿ, ಅಣ್ಣ ಅತ್ತಿಗೆಯ ಎದುರು, ಬರ್ತೀಯಾ ದುಗ್ಗಿ ಎಂದು ಬಾಯಿಬಿಟ್ಟು ಕೇಳಿ. ಕುರಿ ಕೇಳಿ ಮಸಾಲೆ ಅರೀತಾರಾ ಅನ್ನಬೇಡಿ. ನಾನು ಕುರಿಯಲ್ಲ.

ಸಿಟ್ಟು ಇನ್ನೂ ಪೂರ್ತಿ ಇಳಿಯದ,
ದುಗ್ಗಮ್ಮ

ತಾ. ಕ.: ಇದನ್ನು ಓದಿ ಹರಿದುಹಾಕಿ. ಅವತ್ತು ನೀವು ಹರಕೆ ಅಂದಾಗಲೇ ನನಗೆ ತಿಳಿದಿತ್ತು. ಸುಳ್ಳು ಹೇಳುವಾಗ ನೀವು ಕಿವಿ ಮುಟ್ಟಿಕೊಳ್ಳುತ್ತೀರಿ. ಕೂಸನ್ನು ಬಿಟ್ಟು ನಾನಾಗಿ ಹೊರಡಲು ಕಾಲು ಏಳುತ್ತಿರಲಿಲ್ಲ. ಮೋಸ ಮಾಡಿಯಾದರೂ ಯಾರಾದರೂ ಕರೆದೊಯ್ಯಲಿ ಎಂದು ಕಾದಿದ್ದೆ. ಮನೆಯಿಂದ ಇಳಿಯುವ ಮೊದಲು ಹೀರೆ, ಹಾಗಲ, ಹರಿವೆ ಬೀಜ ಸೆರಗಿಗೆ ಗಂಟು ಹಾಕಿಕೊಂಡೆ. ದರ್ಶನಕ್ಕೆ ಯಾರಾದರೂ ಬೀಜ ಕಟ್ಟಿಕೊಂಡು ಹೋಗುತ್ತಾರೆಯೇ? ಅಣ್ಣನ ಹಿತ್ತಿಲಲ್ಲಿ ಅದರಲ್ಲಿ ಒಂದನ್ನೂ ಬಿತ್ತಿಲ್ಲ.