ದೊಡ್ಡಮ್ಮನ ಕರಗದ ಬೆಣ್ಣೆ

ಸಾಕಾಸಾಕಾ, ತಮಾಲೆ
ಏಪ್ರಿಲ್ ೯, ಬುಧವಾರ

ನನ್ನ ಬಂಗಾರ ವುಂಪಿನಿ,

ಹೇಗಿದ್ದೀಯೇ ಮಗಳೇ? ಸ್ವೀಡನ್ನಿನ ಆ ಚಳಿ ಇನ್ನೂ ನಿನ್ನ ಬೆನ್ನು ಬಿಟ್ಟಿಲ್ಲವೇ? ಹೊಟ್ಟೆ ತುಂಬ ಉಣ್ಣುತ್ತಿದ್ದೀಯಾ, ಇಲ್ಲಾ ತಣ್ಣನೆಯ ಬ್ರೆಡ್ಡು ಕಚ್ಚಿಕೊಂಡೇ ಮೈದಾನಕ್ಕೆ ಓಡುತ್ತೀಯಾ? ಫೋನಿನಲ್ಲಿ ಏನು ಕೇಳಿದರೂ “ಹೂಂ ಅಮ್ಮಾ, ಚೆನ್ನಾಗಿದ್ದೀನಿ ಅಮ್ಮಾ” ಅಂದು ಮುಗಿಸಿಬಿಡುತ್ತೀ. ಅದಕ್ಕೇ ಕಾಗದ ಹಿಡಿದು ಕೂತೆ. ನಿನ್ನ ತಂಡದ ರಹಿನಾತು ಇಲ್ಲಿ ತನ್ನ ಅಣ್ಣನ ಮದುವೆ ಮುಗಿಸಿಕೊಂಡು ಇವತ್ತು ಸಂಜೆ ಹೊರಡುತ್ತಾಳಂತೆ, ಅವಳ ಕೈಲಿ ಕೊಡುತ್ತೇನೆ. ಇಲ್ಲಿ ಅಲ್ಲಾಹನ ದಯೆಯಿಂದ ಎಲ್ಲರೂ ಕ್ಷೇಮ. ನಿಮ್ಮಪ್ಪನಿಗೆ ಅಂಗಿ ಹೊಲಿಯುವ ಕೆಲಸ ಕೈತುಂಬ ಇದೆ. ಬಿಸಿಲು ಮಾತ್ರ ಈ ಸಲ ಮೈಮೇಲೇ ಬಂದು ಕೂತಿದೆ.

ಮೇ ತಿಂಗಳಲ್ಲಿ ನಿನ್ನ ಆಟ ನೋಡಲು ಬರುವುದಕ್ಕೆ ನನ್ನ ಟಿಕೆಟ್ ಆಯಿತು, ವೀಸಾ ಬಂತು ಎಂದು ಹೇಳಿದ್ದೆನಲ್ಲ, ಆಮೇಲಿನ ಕಥೆ ಕೇಳು. ಅಗ್ಗದ ಟಿಕೆಟ್ಟಾದ್ದರಿಂದ ಕೈಚೀಲ ಒಂದೇ ಒಯ್ಯಬೇಕಂತೆ. ಅದರಲ್ಲಿ ಎಣ್ಣೆ, ಶಾಂಪೂ, ಪೇಸ್ಟು, ಕ್ರೀಮು ಯಾವುದನ್ನೂ ಅಂಗೈಗಿಂತ ದೊಡ್ಡ ಡಬ್ಬಿಯಲ್ಲಿ ಇಡುವ ಹಾಗಿಲ್ಲ. ಟಿಕೆಟ್ ಅಂಗಡಿಯ ಹುಡುಗಿ ಇದನ್ನು ಹೇಳುವಾಗ ನಿನ್ನ ದೊಡ್ಡಮ್ಮನೂ ನನ್ನ ಪಕ್ಕದಲ್ಲೇ ಇದ್ದಳು. ಸನಾತು ಅಕ್ಕ ಮೈಗೆ ಹಚ್ಚುವ ಶಿಯಾ ಬೀಜದ ಬೆಣ್ಣೆ ಕಡೆದು ಕಡೆದೇ ಕೈ ನುಣುಪಾದವಳು. “ನಮ್ಮ ಬೆಣ್ಣೆ ಗಟ್ಟಿಯ ಲೆಕ್ಕವೋ, ನೀರಿನ ಲೆಕ್ಕವೋ?” ಎಂದು ಕೇಳಿಯೇಬಿಟ್ಟಳು. ಹುಡುಗಿ ನಕ್ಕು, “ಬೆಳಗ್ಗೆ ಹೋದ್ರೆ ಗಟ್ಟಿ, ಮಧ್ಯಾಹ್ನ ಹೋದ್ರೆ ನೀರು ಅಮ್ಮಾ. ಬೆರಳಲ್ಲಿ ತೆಗೆದು ಬಳಿಯೋ ಹಾಗಿದ್ರೆ ಕಸದ ಬುಟ್ಟಿಗೆ ಹಾಕ್ತಾರೆ” ಎಂದಳು. ದಾರಿಯುದ್ದಕ್ಕೂ ಅಕ್ಕ ನನಗಿಂತ ಹತ್ತು ಹೆಜ್ಜೆ ಮುಂದೆ ನಡೆದಳು. ಮನೆಯ ಹೊಸ್ತಿಲು ದಾಟಿದ ಮೇಲೆ, “ನನ್ನ ಬೆಣ್ಣೆ ಕಸದ ಬುಟ್ಟಿಗಾ? ನೋಡೇಬಿಡ್ತೀನಿ” ಅಂದಳು. ಅವಳಿಗೆ ಹಟ ಬಂದರೆ ಹೇಗೆ ಎಂದು ನಿನಗೇ ಗೊತ್ತು.

ಅಂದಿನಿಂದ ನಮ್ಮ ಅಂಗಳದಲ್ಲಿ ಹನಿ ತೊಟ್ಟಿಕ್ಕುವ ಯಾವ ವಸ್ತುವಿಗೂ ಮರ್ಯಾದೆ ಇಲ್ಲ. ಶಾಂಪೂವಿನ ಬದಲು ಸೋಪಿನಂಥದೇ ಒಂದು ಉಂಡೆ ತಂದೆವು. ಮೊದಲ ದಿನ ಅದನ್ನು ನೇರ ತಲೆಗೆ ತಿಕ್ಕಿ, ನನ್ನ ಜಡೆಗಳ ಸಂದಿಯಲ್ಲೆಲ್ಲ ಚೂರು ಸಿಕ್ಕಿಕೊಂಡು, ಇಡೀ ಶುಕ್ರವಾರ ಬಿಳಿ ಹೇನು ಬಿದ್ದವಳ ಹಾಗೆ ಓಡಾಡಿದೆ. ಕೈಯಲ್ಲಿ ನೊರೆ ಮಾಡಿಕೊಂಡು ಹಚ್ಚಬೇಕೆಂದು ಆಮೇಲೆ ತಿಳಿಯಿತು. ಬೆವರಿನ ವಾಸನೆಗೆ ನಿಮ್ಮಪ್ಪನ ಕ್ಷೌರದ ಪಟಿಕದ ಕಲ್ಲು ಕದ್ದೆ. ಅದನ್ನು ಒದ್ದೆ ಮಾಡಿ ಕಂಕುಳಿಗೆ ಸವರಿಕೊಂಡು ಬೆಳಗ್ಗೆಯೆಲ್ಲ ಅಲಸಂದೆ ಹಿಟ್ಟಿನ ಕೋಸೆ ಕರಿಯುವ ಬಾಣಲೆಯ ಮುಂದೆ ಕೂತೆ. ಒಂದಿಷ್ಟೂ ವಾಸನೆ ಇಲ್ಲ! ಟಿಕೆಟ್ ಹುಡುಗಿ ಹಲ್ಲುಜ್ಜಲು ಪುಟ್ಟ ಗುಳಿಗೆಗಳ ಡಬ್ಬಿಯೊಂದನ್ನು ಕೊಟ್ಟಿದ್ದಳು, ಅಗಿದರೆ ಬಾಯಿ ತುಂಬ ನೊರೆ. ಅಕ್ಕ ಒಂದು ಗುಳಿಗೆಯನ್ನು ನೀರಿನ ಜೊತೆ ನುಂಗಿಬಿಟ್ಟಳು. ನಾವು ಗಾಬರಿಯಾಗಿ ಕೂತರೆ ಅವಳು ತೇಗಿ, “ನಿನ್ನೆಯ ತಲೆನೋವು ಹೋಯ್ತು ಕಣೇ, ಇನ್ನೊಂದು ಕೊಡು” ಅನ್ನುವುದೇ? ನಿಮ್ಮಪ್ಪ ಅಂತೂ ಬಾಯಿಂದ ಬೇವಿನ ಕಡ್ಡಿ ತೆಗೆಯದೆಯೇ, “ನಮ್ಮಜ್ಜ ಇದನ್ನ ಯಾವ ಡಬ್ಬೀಲಿ ಇಟ್ಕೊಂಡು ಹೋಗ್ತಿದ್ದ?” ಎಂದು ಇಬ್ಬರನ್ನೂ ಕೆಣಕಿದರು.

ಆದರೆ ಬೆಣ್ಣೆಯದೇ ದೊಡ್ಡ ಯುದ್ಧ. ಜೇನಿನವನಿಂದ ಮೇಣ ತಂದು ಅಕ್ಕ ಬೆಣ್ಣೆಯ ಜೊತೆ ಕಾಯಿಸಿ ಬಟ್ಟಲಿಗೆ ಹೊಯ್ದಳು. ಮೊದಲ ಸಲ ಮೇಣ ಹೆಚ್ಚಾಗಿ, ಉಜ್ಜಿದರೆ ಚರ್ಮವೇ ಕಿತ್ತು ಬರುವಂತಿತ್ತು. ಎರಡನೆಯ ಸಲ ಕಡಿಮೆ ಮಾಡಿದಳು, ಕಣ್ಣಿಗೆ ಚೆಂದವಾಗಿ ಕಂಡಿತು. ಪರೀಕ್ಷೆ ಮಾಡೋಣವೆಂದು ಅದನ್ನು ಚೀಲದಲ್ಲಿಟ್ಟುಕೊಂಡು ಬೋಲ್ಗಾ ಊರಿಗೆ ಹೋಗುವ ಟ್ರೋಟ್ರೋ ಬಸ್ಸು ಹತ್ತಿದೆ. ಸೀಟು ಸಿಕ್ಕಿದ್ದು ಎಂಜಿನ್ನಿನ ಪಕ್ಕದಲ್ಲೇ, ಚೀಲವನ್ನು ಸೀಟಿನ ಮೇಲೇ ಇಟ್ಟುಕೊಂಡೆ. ಅರ್ಧ ದಾರಿಯಲ್ಲಿ ಪಕ್ಕದ ಮುದುಕ ಎದ್ದು ನಿಂತ. ಅವನ ಬಿಳಿ ನಿಲುವಂಗಿಯ ಹಿಂಬದಿಗೆ ಕಂಬಳಿಯಷ್ಟಗಲ ಎಣ್ಣೆ! “ಏನಮ್ಮಾ, ನನ್ನೇನು ಕೋಸೆ ಮಾಡಿ ಕರೀಬೇಕು ಅಂತಿದ್ದೀಯಾ?” ಎಂದು ಕೂಗಿದ. ಬಸ್ಸಿಗೆ ಬಸ್ಸೇ ನಕ್ಕಿತು. ನಾನು ಕ್ಷಮೆ ಕೇಳುತ್ತ ಕೇಳುತ್ತ ಬೆವರಿಹೋದೆ. ಅಷ್ಟರಲ್ಲಿ ಆತ ಕೈಗಂಟಿದ್ದನ್ನು ಒಡೆದ ಮೊಣಕೈಗೆ ಉಜ್ಜಿಕೊಂಡು, ಮೂಸಿ, ಮೆತ್ತಗೆ, “ಯಾರು ಮಾಡಿದ್ದು ಇದು? ಬಲೇ ಬೆಣ್ಣೆ!” ಎಂದ. ಅಕ್ಕನಿಗೆ ಇದನ್ನು ಹೇಳಿದಾಗ ಅವಳು ಕರಗಿದ್ದಕ್ಕೆ ಬೇಸರಪಡಲೋ, ಹೊಗಳಿಕೆಗೆ ಹಿಗ್ಗಲೋ ತಿಳಿಯದೆ ನನ್ನನ್ನೇ ಬೈದಳು.

ಮೂರನೆಯದು ಗೆದ್ದಿತು. ತಗಡಿನ ಮಾಡಿನ ಮೇಲೆ ನಡುಮಧ್ಯಾಹ್ನ ಇಟ್ಟು, ಅವಳೇ ಕೆಳಗೆ ಕೂತು ಕಾದಳು. ಇಳಿಸಿದಾಗ ಅಂಚು ಕೂಡ ಮಣಿದಿರಲಿಲ್ಲ. ನನ್ನ ಕೈ ಹಿಡಿದು ತಾನೇ ಸವರಿದಳು. “ನೋಡೇ ಅಜಾರಾ, ಬಿಸಿಲಿಗೆ ಬಗ್ಗಲ್ಲ, ಮೈ ತಾಗಿದ್ರೆ ಮಾತ್ರ ಕರಗುತ್ತೆ” ಅಂದಳು. ಮಗಳೇ, ನಿನ್ನನ್ನು ನಾನು ಹೆತ್ತೆ, ಆದರೆ ನಿನ್ನ ಎಳೆ ಮೈಗೆ ದಿನಾ ಬೆಣ್ಣೆ ಹಚ್ಚಿ ನೀವಿದವಳು ಅವಳು. ಅವಳಿಗೆ ವಿಮಾನವೆಂದರೆ ಭಯ, ಬರುವುದಿಲ್ಲ. ಆ ಉಂಡೆಯನ್ನು ತನ್ನ ಹೊಸ ತಲೆವಸ್ತ್ರದ ತುಂಡಿನಲ್ಲಿ ಸುತ್ತಿ, “ಇದು ಅವಳಿಗೆ. ನೀನು ಮುಟ್ಟಬೇಡ” ಎಂದು ತಾಕೀತು ಮಾಡಿದ್ದಾಳೆ.

ನಿನ್ನೆ ನಿಮ್ಮಪ್ಪ ವಿಮಾನ ನಿಲ್ದಾಣದ ಅಧಿಕಾರಿಯಾಗಿ, ಅಳತೆಪಟ್ಟಿ ಕೊರಳಿಗೆ ಹಾಕಿಕೊಂಡು ನನ್ನ ಚೀಲ ತಪಾಸಣೆ ಮಾಡಿದರು. “ಇದೇನು?” “ಸೋಪು ಸಾರ್.” “ಇದು?” “ತಲೆಗೆ ಹಾಕೋ ಸೋಪು ಸಾರ್.” “ಮತ್ತಿದು?” “ಬಟ್ಟೆ ಸೋಪು ಸಾರ್.” “ಅಷ್ಟೊಂದು ಕೊಳೆಯಾಗಿದ್ದೀಯೇನಮ್ಮಾ ನೀನು?” ಅಕ್ಕ ನಕ್ಕೂ ನಕ್ಕೂ ಗೋಡೆ ಹಿಡಿದು ಕೂತಳು.

ನಿನ್ನ ಅಪ್ಪನ, ದೊಡ್ಡಮ್ಮನ ಹರಕೆ ನಿನ್ನ ಮೇಲಿದೆ. ನಿನ್ನ ಉಸಿರು ಗಟ್ಟಿಯಿರಲಿ, ನಿದ್ದೆ ಸವಿಯಾಗಿರಲಿ, ಆ ಪರದೇಶ ನಿನಗೆ ಮೃದುವಾಗಿರಲಿ.

ನಿನ್ನ ಅಮ್ಮ,
ಅಜಾರಾ

ಮರೆತ ಮಾತಲ್ಲ, ಈಗ ತಾನೆ ತಿಳಿದದ್ದು: ರಹಿನಾತು ಕಾಗದ ಒಯ್ಯಲು ಬಂದವಳು, ಕೋಸೆ ತಿನ್ನುತ್ತ, “ವುಂಪಿನಿ ಆಡೋಕೆ ಇನ್ನೂ ಎಷ್ಟು ತಿಂಗಳು ಬೇಕೋ ಆಂಟಿ, ಆಪರೇಷನ್ ಆದ ಕಾಲು” ಅಂದು ನಾಲಿಗೆ ಕಚ್ಚಿಕೊಂಡಳು. ನಮಗೆ ಹೇಳಬೇಡ ಎಂದು ಆಣೆ ಹಾಕಿಸಿದ್ದೀಯಂತೆ, ಪಾಪ ಅವಳಿಗೆ ಏನೂ ಅನ್ನಬೇಡ. ನಿಮ್ಮಪ್ಪ ಆಗಲೇ ಬೈಕ್ ಹತ್ತಿ ಟಿಕೆಟ್ ಬದಲಿಸಲು ಹೋಗಿದ್ದಾರೆ. ಸಿಕ್ಕ ಮೊದಲ ವಿಮಾನಕ್ಕೆ ಬರುತ್ತೇನೆ. ನೀನು ಆಡದಿದ್ದರೆ ನನಗೆ ಅಲ್ಲಿ ನೋಡಲು ಏನೂ ಇರುವುದಿಲ್ಲ ಅಂದುಕೊಂಡೆಯಾ, ಹುಚ್ಚಿ? ನನ್ನನ್ನು ಕರೆಯಲು ನಿಲ್ದಾಣಕ್ಕೆ ಬರಬೇಡ, ಕಾಲು ಚಾಚಿ ಮಲಗಿರು. ವಿಳಾಸ ಇದೆ, ಕೇಳಲು ಬಾಯಿ ಇದೆ, ಬಂದು ಸೇರುತ್ತೇನೆ. ಬಾಗಿಲಿಗೆ ಅಗುಳಿ ಮಾತ್ರ ಹಾಕಬೇಡ.