ನಿನ್ನ ಕೈಗೆ ಕೊಡದ ತಂತಿ

ನನ್ನ ಸ್ಕ್ರೂ ಮರಿಗೆ,

"ಕಿವಿ ಕಲಿತದ್ದನ್ನು ಗಾಳಿ ಒಯ್ಯುತ್ತದೆ, ಕೈ ಕಲಿತದ್ದನ್ನು..." ಮುಂದಿನದು ನೆನಪಾಗುತ್ತಿಲ್ಲ. ಯಾರ ಸಾಲೋ, ಎಲ್ಲಿ ಓದಿದೆನೋ. ಯಾರೂ ಒಯ್ಯಲಾರರು ಎಂದಿರಬೇಕು. ನಿಜವೇ ಇದು? ಐದು ವಾರದ ಹಿಂದೆ ಕಾರ್ಖಾನೆಯಲ್ಲಿ ನಿನ್ನ ಬಲಗೈ ಒಂದು ಪಾಠ ಕಲಿಯಿತು. ಅದರ ಎರಡು ಬೆರಳು ಇನ್ನು ಮಡಚುವುದಿಲ್ಲ ಎನ್ನುತ್ತಾರೆ ಡಾಕ್ಟರು. ಅದೇ ಪಾಠವನ್ನು ಐದು ವರ್ಷದ ಹಿಂದೆ ನನ್ನ ಲ್ಯಾಬಿನಲ್ಲಿ ಒಂದು ಸಣ್ಣ ಕಿಡಿಯಷ್ಟಕ್ಕೆ ನೀನು ಕಲಿಯಬಹುದಿತ್ತು. ನಾನು ಬಿಡಲಿಲ್ಲ. ನೀನು ಫೋನು ಎತ್ತುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಚಿಕ್ಕವಳಿದ್ದಾಗ ನಿನ್ನ ಫ್ರಾಕಿನ ಜೇಬಿನ ತುಂಬ ಸ್ಕ್ರೂಗಳು. ಗಡಿಯಾರ, ಟಾರ್ಚು, ಇಸ್ತ್ರಿಪೆಟ್ಟಿಗೆ, ಯಾವುದೂ ನಿನ್ನಿಂದ ಪಾರಾಗಲಿಲ್ಲ. ಬಿಚ್ಚಿದ್ದನ್ನು ಮತ್ತೆ ಜೋಡಿಸುತ್ತಿದ್ದೆ, ಆದರೆ ಪ್ರತಿ ಸಲವೂ ಒಂದೆರಡು ಸ್ಕ್ರೂ ಮಿಗುತ್ತಿದ್ದವು. "ಇವು ಬೇಕಿರ್ಲಿಲ್ಲ ಚಿಕ್ಕಮ್ಮ, ನೋಡು, ಓಡ್ತಾ ಇದೆ" ಎಂದು ನನಗೆ ಸಮಜಾಯಿಷಿ ಬೇರೆ. ಮಿಕ್ಕಿದ್ದೆಲ್ಲ ಇವಳ ತಲೆಯಿಂದ ಉದುರಿದ್ದು ಎಂದು ನಿಮ್ಮಪ್ಪ ನಗುತ್ತಿದ್ದರು. ಆ ಹೆಸರು ಬಂದದ್ದು ಹಾಗೆ.

ನಾನು ಲ್ಯಾಬ್ ನೋಡಿಕೊಳ್ಳುವ ಪಾಲಿಟೆಕ್ನಿಕ್ಕಿಗೇ ನೀನು ಸೇರಿದಾಗ ಅಕ್ಕ ಹೇಳಿದ್ದು ಒಂದೇ ಮಾತು: "ನಿನ್ನ ಮಡಿಲಿಗೆ ಹಾಕ್ತಾ ಇದೀನಿ ಕಣೇ. ಅವಳ ಕೈಗೆ ಒಂದು ಗೀರೂ ಬೀಳಬಾರದು." ಆ ಮಾತನ್ನು ಉಳಿಸಿಕೊಂಡೆ, ತಪ್ಪಾದದ್ದು ಅಲ್ಲೇ. ಲ್ಯಾಬಿನ ಪದ್ಧತಿ ನಿನಗೆ ಗೊತ್ತು. ಮೇಜಿಗೆ ನಾಲ್ವರು, ಒಂದೇ ಕಿಟ್. ಹುಡುಗರು ತಂತಿ ಜೋಡಿಸುತ್ತಾರೆ, ಹುಡುಗಿ ರೀಡಿಂಗ್ ಬರೆದುಕೊಳ್ಳುತ್ತಾಳೆ. ಅದು ಯಾರೂ ಮಾಡಿದ ನಿಯಮವಲ್ಲ, ಯಾರೂ ಮುರಿದದ್ದೂ ಇಲ್ಲ. ನಾನು ಎಂಎಸ್ಸಿ ಮುಗಿಸಿದ್ದೂ ಹಾಗೆಯೇ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಫ್ಯೂಸ್ ಕಟ್ಟಲು ಅಟೆಂಡರನ್ನು ಕರೆಯುತ್ತಿದ್ದೆ. ಆ ನಾಚಿಕೆ ಉಂಡವಳೇ ನಿನಗೂ ಅದನ್ನೇ ಬಡಿಸಿದೆ.

ಕೆಪಾಸಿಟರ್ ಪ್ರಯೋಗದ ದಿನ ನೀನು ತಂತಿಗೆ ಕೈ ಚಾಚಿದೆ. "ನೀನು ಬರಿ ಮಗಳೇ. ಅವರು ಜೋಡಿಸ್ತಾರೆ" ಎಂದೆ. ನೀನು ನನ್ನ ಮುಖ ನೋಡಿ, ಪೆನ್ನು ತೆಗೆದುಕೊಂಡೆ. ಆಮೇಲೆ ನಿನ್ನ ಮೇಜಿನ ಹುಡುಗನೊಬ್ಬ ಸ್ವಿಚ್ ಆರಿಸಿದ ಮೇಲೂ ಚಟ್ಟನೆ ಶಾಕ್ ಹೊಡೆಸಿಕೊಂಡು ಕೈ ಕೊಡವಿದ. ಎಲ್ಲರೂ ನಕ್ಕರು. ಸ್ವಿಚ್ ಆರಿದರೂ ಕೆಪಾಸಿಟರಿನೊಳಗೆ ವಿದ್ಯುತ್ತು ಕೂತೇ ಇರುತ್ತದೆ ಎಂಬುದನ್ನು ಅವನು ಜನ್ಮದಲ್ಲಿ ಮರೆಯುವುದಿಲ್ಲ. ನೀನು ಅದನ್ನೇ ಮುತ್ತು ಪೋಣಿಸಿದ ಹಾಗೆ ಬರೆದೆ: "ಮುಟ್ಟುವ ಮೊದಲು ಖಾಲಿ ಮಾಡತಕ್ಕದ್ದು." ಬಹಳ ಚೆನ್ನಾಗಿದೆ ಎಂದು ನಾನು ಕೆಂಪು ಶಾಯಿಯಲ್ಲಿ ಗೀಚಿದೆ.

ಕಾರ್ಖಾನೆಯಲ್ಲಿ ನೀನು ಮೇನ್ ಸ್ವಿಚ್ ಆರಿಸಿದೆ, ಬೀಗ ಹಾಕಿದೆ, ಫಲಕ ನೇತುಹಾಕಿದೆ. ಕೆಪಾಸಿಟರ್ ಖಾಲಿ ಮಾಡುವ ಕೋಲು ಪಕ್ಕದ ಗೋಡೆಗೇ ಒರಗಿತ್ತಂತೆ. ಅದನ್ನು ಹಿಡಿಯದೆ ನೇರ ಕೈ ಹಾಕಿದೆ. ಆ ವಾಕ್ಯ ನಿನ್ನ ತಲೆಯಲ್ಲಿತ್ತು, ಕೈಗೆ ಅದರ ಪರಿಚಯವಿರಲಿಲ್ಲ. ಆಸ್ಪತ್ರೆಯಲ್ಲಿ ನೀನು ಅಂದದ್ದು ಇಷ್ಟೇ: "ಗೊತ್ತಿತ್ತು ಚಿಕ್ಕಮ್ಮ. ನಂಗೆ ಗೊತ್ತಿತ್ತು."

ಹೆಣ್ಣುಮಕ್ಕಳಿಗೆ ಈ ಕೆಲಸ ಒಗ್ಗುವುದಿಲ್ಲ ಎಂದು ಮೊದಲೇ ಹೇಳಿದ್ದೆ ಎನ್ನುತ್ತಿದ್ದಾಳೆ ಅಕ್ಕ. ಹೋದ ವಾರ ಅವಳ ಮುಂದೆ ಎಲ್ಲ ಒಪ್ಪಿಕೊಂಡೆ. ನನ್ನ ಜೊತೆ ಮಾತು ಬಿಟ್ಟಿದ್ದಾಳೆ, ಬಿಡಲಿ. ಮನೆಯಲ್ಲಿ ನಿನ್ನ ರಾಜೀನಾಮೆ ಬರೆದು ಸಹಿಗೆ ಇಟ್ಟಿದ್ದಾರೆಂದು ಕೇಳಿದೆ. ಕಾರ್ಖಾನೆಯವರು ತಿಂಗಳ ಕೊನೆಯವರೆಗೆ ಕಾಯುತ್ತಾರಂತೆ. ಸಹಿ ಹಾಕಬೇಡ. ಇದನ್ನು ಹೇಳುವ ಮುಖ ನನಗಿಲ್ಲ, ಆದರೂ ಹೇಳುತ್ತೇನೆ. ಕೆಲಸ ನಿನಗೆ ಒಗ್ಗಲಿಲ್ಲ ಎನ್ನುವುದು ಸುಳ್ಳು. ಒಗ್ಗಿಸಿಕೊಳ್ಳಲು ನಿನ್ನನ್ನು ಬಿಡದವಳು ನಾನು.

ಲ್ಯಾಬಿನಲ್ಲಿ ಈಗ ತಂತಿ ಹಿಡಿಯುವವರು ವಾರವಾರವೂ ಬದಲಾಗುತ್ತಾರೆ. ಮೊನ್ನೆ ಎರಡು ಮೀಟರ್ ಸುಟ್ಟವು. ಪ್ರಿನ್ಸಿಪಾಲರು ಕರೆಸಿ ಕೇಳಿದಾಗ, ಮೀಟರ್ ಸುಡಲಿ ಸಾರ್ ಎಂದೆ. ಭಾನುವಾರ ಬೆಳಿಗ್ಗೆ ನಮ್ಮ ಬೀದಿಯ ಹುಡುಗಿಯರಿಗೆ ಮನೆಯಲ್ಲೇ ತಂತಿ ಕೆಲಸ ಹೇಳಿಕೊಡುತ್ತೇನೆಂದು ಐದು ಮನೆಗೆ ಹೋಗಿ ಬಂದೆ. ಏಕೆ ಎಂದು ಕೇಳಿದ ತಾಯಂದಿರಿಗೆ ನಿನ್ನ ವಿಷಯವನ್ನೂ ನನ್ನ ವಿಷಯವನ್ನೂ ಮುಚ್ಚಿಡದೆ ಹೇಳಿದೆ. ಎರಡು ಭಾನುವಾರ ತಂತಿ, ಬಲ್ಬು, ಬ್ಯಾಟರಿ ಹರವಿಕೊಂಡು ಒಬ್ಬಳೇ ಕೂತಿದ್ದೇನೆ.

ಕ್ಷಮಿಸು ಎಂದು ಕೇಳುವುದಿಲ್ಲ. ಆ ಸಿಟ್ಟು ನಿನ್ನದು, ಇಟ್ಟುಕೋ. ನಿನ್ನ ಬಲಗೈಗೆ ಇನ್ನು ಆಗದ್ದನ್ನು ಎಡಗೈ ಕಲಿಯಲಿ.

ನಿನ್ನನ್ನು ತಡೆದ, ನಿನ್ನ
ಚಿಕ್ಕಮ್ಮ

ಲಕೋಟೆ ಅಂಟಿಸುವಷ್ಟರಲ್ಲಿ ಪಕ್ಕದ ಮನೆಯ ಟೈಲರಮ್ಮ ಬಂದಳು, ಅದನ್ನೂ ಬರೆದುಬಿಡುತ್ತೇನೆ. ಅವಳ ಮಗಳು ಎಂಟನೇ ಕ್ಲಾಸು, ಕಳಿಸು ಎಂದು ದಿನಾ ಪ್ರಾಣ ತಿನ್ನುತ್ತಾಳಂತೆ. ಒಳಗೆ ಕರೆದರೂ ಬಾರದೆ ಬಾಗಿಲಲ್ಲೇ ನಿಂತು ಹೇಳಿದಳು: "ಬೇಜಾರು ಮಾಡ್ಕೋಬೇಡಿ ಮೇಡಂ, ನಿಮ್ಮ ಹತ್ರ ಕಳಿಸಲ್ಲ. ಕೈಗೆ ಏಟು ಮಾಡ್ಕೊಂಡ ನಿಮ್ಮ ಆ ಹುಡುಗಿ ಬಂದು ಹೇಳ್ಕೊಡ್ತಾಳೆ ಅಂದ್ರೆ ಕಳಿಸ್ತೀನಿ. ಮಿಷಿನ್ ಸೂಜಿ ನನ್ನ ಬೆರಳಲ್ಲೂ ಇಳಿದಿದೆ. ಆಮೇಲೆ ನನ್ನ ಹತ್ರ ಕಲಿತೋರು ಒಬ್ರೂ ಚುಚ್ಚಿಸ್ಕೊಂಡಿಲ್ಲ."